ನೂರಕ್ಕೆ ಒಂದು ರೂಪಾಯಿ ಬಡ್ಡಿ ಕಡಿಮೆಯೇ?

ದಾವಣಗೆರೆಯ ಪತ್ತಿನ ಸಹಕಾರ ಸಂಘದಲ್ಲಿ ಸಾಲದ ಕೌಂಟರ್ ನೋಡಿಕೊಳ್ಳುವವರನ್ನು ಎಲ್ಲರೂ ಕೇಳುವುದು ಇದನ್ನೇ: "ನೂರಕ್ಕೆ ಒಂದ್ರುಪಾಯಿ ಬಡ್ಡಿ ಅಂತಾರೆ, ತಗೊಳ್ಳಲಾ?" ಅಷ್ಟು ಕೇಳಿಕೊಂಡು ಹೌದು ಅಥವಾ ಬೇಡ ಅನ್ನಲು ಬರುವುದಿಲ್ಲ. ತಿಂಗಳಿಗೆ ಕಟ್ಟುವ ಆ ಒಂದು ರೂಪಾಯಿ ಯಾವ ನೂರರ ಮೇಲೆ? ಮೊದಲು ಕೊಟ್ಟ ಅಸಲಿನ ಮೇಲೋ, ತೀರಿಸುತ್ತಾ ಬಂದು ಉಳಿದ ಬಾಕಿಯ ಮೇಲೋ?

1 ಲಕ್ಷ ರೂ. ಸಾಲ, 12 ಕಂತು ಎಂದಿಟ್ಟುಕೊಳ್ಳಿ. ಉಳಿದ ಬಾಕಿಯ ಮೇಲೆ ಬಡ್ಡಿ ಹಾಕಿದರೆ ತಿಂಗಳ ಕಂತು 8,885 ರೂ. ಮೊದಲ ತಿಂಗಳ ಬಡ್ಡಿ 1,000, ಎರಡನೆಯದಕ್ಕೆ 921, ಹೀಗೆ ಇಳಿಯುತ್ತಾ ವರ್ಷಕ್ಕೆ ಒಟ್ಟು 6,619 ರೂ. ಆಗುತ್ತದೆ. ಫ್ಲ್ಯಾಟ್ ಬಡ್ಡಿಯಲ್ಲಿ, ಅಂದರೆ ಮೊದಲು ಕೊಟ್ಟ ಪೂರ್ತಿ ಅಸಲಿನ ಮೇಲೆ ಕೊನೆಯವರೆಗೂ ಬಡ್ಡಿ ಹಾಕಿದರೆ, ಕಂತು 9,333 ರೂ., ವರ್ಷದ ಬಡ್ಡಿ ಪೂರಾ 12,000. ಕೊನೆಯ ತಿಂಗಳು ನಿಮ್ಮ ಹತ್ತಿರ ಉಳಿದಿರುವ ಅಸಲು 8,333 ಮಾತ್ರ, ಆದರೂ ಬಡ್ಡಿ 1,000 ಕಟ್ಟುತ್ತೀರಿ. ಅಂದರೆ ಆ ತಿಂಗಳು ನೂರಕ್ಕೆ ಹನ್ನೆರಡು! ಬಾಕಿಯ ಲೆಕ್ಕಕ್ಕೆ ತಂದರೆ ಇದು ವರ್ಷಕ್ಕೆ ಶೇ 21.5ರ ಸಾಲ. ಒಂದು ವರ್ಷದ ಮಾಸಿಕ ಕಂತಿಗೆ ಫ್ಲ್ಯಾಟ್ ದರವನ್ನು 1.8ರಿಂದ ಗುಣಿಸಿ ನೋಡಿ, ನಿಜದ ದರದ ಹತ್ತಿರ ಬರುತ್ತೀರಿ. ಇಂಥ ಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ಉಳಿದ ತಿಂಗಳುಗಳ ಬಡ್ಡಿ ಬಿಡುತ್ತಾರಾ ಎಂದು ಸಹಿ ಹಾಕುವ ಮೊದಲೇ ಕೇಳಬೇಕು. ಬಿಡದಿದ್ದರೆ ಬೇಗ ತೀರಿಸಿಯೂ ಲಾಭವಿಲ್ಲ.

ಅದೇ "ನೂರಕ್ಕೆ ಒಂದು" ಬಂಗಾರದ ಸಾಲದಲ್ಲಿ, ವರ್ಷದ ಕೊನೆಗೆ ಅಸಲು ಬಡ್ಡಿ ಒಟ್ಟಿಗೆ ಕಟ್ಟುವುದಾದರೆ, ನಿಜವಾಗಿಯೂ ಶೇ 12. ಅಸಲು ಪೂರ್ತಿ ವರ್ಷ ನಿಮ್ಮಲ್ಲೇ ಇರುತ್ತದಲ್ಲ.

ನನಗೆ ಹೆಚ್ಚು ಚಿಂತೆ ದಿನದ ಬಡ್ಡಿಯದು. ಎಪಿಎಂಸಿ ಸುತ್ತಲಿನ ತರಕಾರಿ ಗಾಡಿಯವರು, ಮಂಡಕ್ಕಿ ಮಾರುವವರು ಇದಕ್ಕೆ ಬೇಗ ಒಪ್ಪಿಬಿಡುತ್ತಾರೆ, ಯಾಕೆಂದರೆ ದಿನಕ್ಕೆ ನೂರು ರೂಪಾಯಿ ಭಾರ ಅನ್ನಿಸುವುದಿಲ್ಲ. 10,000ಕ್ಕೆ 1,000 ಮೊದಲೇ ಹಿಡಿದು 9,000 ಕೈಗೆ ಕೊಟ್ಟು, ದಿನಕ್ಕೆ 100ರಂತೆ 100 ದಿನ ವಸೂಲಿ ಮಾಡುತ್ತಾರೆ ಎನ್ನೋಣ. ದಿನದಿನವೂ ಅಸಲು ಕರಗುವುದರಿಂದ ಸರಾಸರಿ ನಿಮ್ಮ ಕೈಲಿದ್ದದ್ದು 4,500ರ ಆಸುಪಾಸು. ಅದಕ್ಕೆ ಮೂರು ಚಿಲ್ಲರೆ ತಿಂಗಳಲ್ಲಿ 1,000 ಬಡ್ಡಿ. ವರ್ಷದ ದರಕ್ಕೆ ತಂದರೆ ಸುಮಾರು ಶೇ 78. ಒಂದು ಸಾಲ ಮುಗಿಯುವ ಮೊದಲೇ ಇನ್ನೊಂದು ಎತ್ತಿದರೆ ಹೊಸದರಲ್ಲಿ ಹಳೇ ಬಾಕಿ ಮುರಿದುಕೊಳ್ಳುತ್ತಾರೆ, ಕೈಗೆ ಬರುವುದು ಇನ್ನೂ ಕಡಿಮೆ.

ಆದ್ದರಿಂದ ದರ ಆಮೇಲೆ ಕೇಳಿ. ಕೈಗೆ ಎಷ್ಟು ಬರುತ್ತದೆ, ಒಟ್ಟು ಎಷ್ಟು ವಾಪಸ್ ಕಟ್ಟಬೇಕು, ಯಾವ್ಯಾವ ತಾರೀಖಿಗೆ, ಇಷ್ಟನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಸೊಸೈಟಿಗಳಲ್ಲಿ ಸಾಲದಿಂದ ಷೇರು ಹಣ ಹಿಡಿಯುವುದುಂಟು. ಅದು ನಿಮ್ಮದೇ, ಸಾಲ ತೀರಿ ಸದಸ್ಯತ್ವ ಬಿಟ್ಟಾಗ ನಿಯಮದಂತೆ ವಾಪಸ್ ಬರುತ್ತದೆ. ಪ್ರೊಸೆಸಿಂಗ್ ಶುಲ್ಕ, ವಿಮೆ ಹಣ ಮಾತ್ರ ಖರ್ಚೇ. ಬ್ಯಾಂಕು, ಫೈನಾನ್ಸ್ ಕಂಪನಿಗಳು 2024ರ ಅಕ್ಟೋಬರ್ 1ರಿಂದ ಹೊಸ ಚಿಲ್ಲರೆ ಸಾಲಗಳಿಗೆ ಎಲ್ಲ ಶುಲ್ಕ ಸೇರಿಸಿದ ವಾರ್ಷಿಕ ದರವನ್ನು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಲೇಬೇಕು, ರಿಸರ್ವ್ ಬ್ಯಾಂಕ್ ನಿಯಮವಿದೆ. ಪತ್ತಿನ ಸಂಘಗಳು ರಿಸರ್ವ್ ಬ್ಯಾಂಕಿನಡಿ ಬರುವುದಿಲ್ಲ, ಅಲ್ಲಿ ಕಂತಿನ ಪಟ್ಟಿಯನ್ನು ನೀವೇ ಕೇಳಿ ಪಡೆಯಬೇಕು. ಕೇಳಿದರೆ ಕೊಡದ ಸಂಘದಲ್ಲಿ ಸಾಲ ಬೇಡ.

ಇನ್ನು ಮೆಕ್ಕೆಜೋಳದ ರೈತರಿಗೆ ತಿಂಗಳ ಕಂತೇ ಹೊಂದುವುದಿಲ್ಲ. ಜೂನಿನಲ್ಲಿ ಬಿತ್ತಿದವರಿಗೆ ಮಾಲು ಮಾರಿ ದುಡ್ಡು ಕಾಣುವುದು ದೀಪಾವಳಿ ಹೊತ್ತಿಗೆ. ಅಲ್ಲಿಯವರೆಗೆ ಕಂತು ಕಟ್ಟಲು ಕೈಸಾಲ ಮಾಡುತ್ತಾರೆ, ಅಲ್ಲೇ ಎಡವುವುದು. ಅವರು ಮೊದಲು ಊರಿನ ಕೃಷಿ ಪತ್ತಿನ ಸಂಘದಲ್ಲಿ ಬೆಳೆ ಸಾಲ ವಿಚಾರಿಸಲಿ. ಅಲ್ಪಾವಧಿ ಕೃಷಿ ಸಾಲಕ್ಕೆ ರಾಜ್ಯ ಸರ್ಕಾರ 5 ಲಕ್ಷ ರೂ. ಮಿತಿಯವರೆಗೆ ಶೂನ್ಯ ಬಡ್ಡಿ ಇಟ್ಟಿದೆ, ಕೈಗೆ ಸಿಗುವ ಮೊತ್ತ ಜಮೀನು ಮತ್ತು ಬೆಳೆಯ ಮೇಲೆ. ಗಡುವು ದಾಟಿದರೆ ಆ ರಿಯಾಯಿತಿ ತಪ್ಪಿ ಬಡ್ಡಿ ಬೀಳುತ್ತದೆ. ಪಾಸ್‌ಬುಕ್ಕಿನಲ್ಲಿ ಕೊನೆಯ ತಾರೀಖು ಬರೆಸಿಕೊಳ್ಳಿ, ಮಾರಿದ ದುಡ್ಡು ಬಂದ ವಾರದಲ್ಲೇ ಕಟ್ಟಿ ರಸೀದಿ ಪಡೆಯಿರಿ.