ಜಾಗಟೆಯ ಗುಂಯ್ ಎಲ್ಲಿ ಹೋಯಿತು?

ಬದಿಯಡ್ಕದ ಹತ್ತಿರದ ಒಂದು ಕನ್ನಡ ಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳ ಕುಣಿತದ ಟ್ರ್ಯಾಕ್ ಮಾಡಿಕೊಟ್ಟಿದ್ದೆ. ಮೂರು ನಿಮಿಷದ್ದು. ಚೆಂಡೆ, ಮದ್ದಳೆ, ಜಾಗಟೆ, ಹಿಂದೆ ಹಾರ್ಮೋನಿಯಂ ಶ್ರುತಿ. ಯಕ್ಷಗಾನದ ತೆಂಕುತಿಟ್ಟಿನ ಚೆಂಡೆಯ ಪೆಟ್ಟು ನನಗೆ ಬೇಕಾದ ಹಾಗೆ ಎಲ್ಲೂ ಸಿಗಲಿಲ್ಲ, ಹಾಗಾಗಿ ಮಳೆ ಶುರುವಾಗಿ ಚರ್ಮ ಸಡಿಲವಾಗುವ ಮೊದಲು, ಏಪ್ರಿಲ್‌ನಲ್ಲೇ, ಪರಿಚಯದ ಕಲಾವಿದರೊಬ್ಬರ ಮನೆಯ ಚಾವಡಿಯಲ್ಲಿ ಕೂತು ಒಂದೊಂದು ಪೆಟ್ಟನ್ನೂ ರೆಕಾರ್ಡ್ ಮಾಡಿ ಸ್ಯಾಂಪ್ಲರ್‌ಗೆ (ರೆಕಾರ್ಡ್ ಮಾಡಿದ ಸದ್ದಿನ ತುಣುಕುಗಳನ್ನು, ಅಂದರೆ ಸ್ಯಾಂಪಲ್‌ಗಳನ್ನು, ವಾದ್ಯದ ಹಾಗೆ ನುಡಿಸುವ ಸಾಫ್ಟ್‌ವೇರ್) ಹಾಕಿಕೊಂಡಿದ್ದೆ.

ಪ್ರಾಜೆಕ್ಟ್‌ನಲ್ಲಿ ಕೇಳಿದಾಗ ಎಲ್ಲ ಸರಿಯಿತ್ತು. ಎಲ್ಲ ಸೇರಿಸಿ ಒಂದೇ ಆಡಿಯೋ ಫೈಲ್ ಮಾಡಲು ಎಕ್ಸ್‌ಪೋರ್ಟ್ ಕೊಟ್ಟೆ, ಇಪ್ಪತ್ತು ಸೆಕೆಂಡಿನಲ್ಲಿ ಮುಗಿಯಿತು, ಕಳಿಸಿಬಿಟ್ಟೆ. ಪ್ರಾಕ್ಟೀಸ್ ನೋಡಲು ಹೋದಾಗ ಸ್ಪೀಕರ್‌ನಲ್ಲಿ ಜಾಗಟೆಯ ಪೆಟ್ಟು ಕೇಳಿತು, ಅದರ ಗುಂಯ್ ಇಲ್ಲ. ಶ್ರುತಿ ನಡುನಡುವೆ ಕಡಿದು ಹೋಗುತ್ತಿತ್ತು. ಚೆಂಡೆ ಮಾತ್ರ ಪೂರ್ತಿ ಇತ್ತು. ಮಕ್ಕಳು ಶ್ರುತಿ ನಿಂತಲ್ಲೆಲ್ಲ ಹೆಜ್ಜೆ ನಿಲ್ಲಿಸುತ್ತಿದ್ದರು. ನನಗೆ ತುಂಬಾ ಬೇಸರವಾಯಿತು.

ಕಾರಣ ಹುಡುಕಲು ಎರಡು ರಾತ್ರಿ ಬೇಕಾಯಿತು. ರ‍್ಯಾಮ್ ಉಳಿಸಲು ಸ್ಯಾಂಪ್ಲರ್ ಪ್ರತಿ ಸ್ಯಾಂಪಲ್‌ನ ಆರಂಭದ ತುಣುಕನ್ನಷ್ಟೇ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಉಳಿದದ್ದನ್ನು ನುಡಿಸುತ್ತಿರುವಾಗಲೇ ಡಿಸ್ಕ್‌ನಿಂದ ಓದುತ್ತದೆ. ಮಾಮೂಲಿ ವೇಗದಲ್ಲಿ ಅದಕ್ಕೆ ಸಮಯ ಸಾಕು. ಆದರೆ ಮೂರು ನಿಮಿಷದ್ದು ಇಪ್ಪತ್ತು ಸೆಕೆಂಡಿನಲ್ಲಿ ಮುಗಿಯಬೇಕಾದರೆ ಡಿಸ್ಕ್ 9 ಪಟ್ಟು ವೇಗವಾಗಿ ಕೊಡಬೇಕು, ಅಲ್ವಾ? ಈಗ ಆಫ್‌ಲೈನ್ ರೆಂಡರ್ (ನುಡಿಸಿ ಕೇಳಿಸದೆ ಫೈಲ್ ತೆಗೆಯುವುದು) ನಡೀತಿದೆ ಅಂತ ತಿಳಿದು ಡೇಟಾ ಬರುವವರೆಗೆ ಕಾಯುವ ಸ್ಯಾಂಪ್ಲರ್‌ಗಳಿವೆ. ಕಾಯದವೂ ಇವೆ. ನನ್ನದು ಕಾಯಲಿಲ್ಲ, ಜೊತೆಗೆ ಸ್ಯಾಂಪಲ್‌ಗಳೆಲ್ಲ ಹಳೆಯ ಹಾರ್ಡ್ ಡಿಸ್ಕ್‌ನಲ್ಲಿದ್ದವು. ಚೆಂಡೆಯ ಪೆಟ್ಟು ಚಿಕ್ಕದು, ಮೆಮೊರಿಯಲ್ಲಿದ್ದ ತುಣುಕಿನಲ್ಲೇ ಮುಗಿದುಹೋಗುತ್ತದೆ. ಉದ್ದದ ಸದ್ದುಗಳಿಗೇ ಪೆಟ್ಟು ಬಿದ್ದದ್ದು ಅದಕ್ಕೇ.

ಹಾಗಾಗಿ ನಾನೀಗ ಸ್ಯಾಂಪ್ಲರ್ ಇರುವ ಪ್ರಾಜೆಕ್ಟನ್ನು ಪೂರ್ತಿ ವೇಗದಲ್ಲಿ ಎಕ್ಸ್‌ಪೋರ್ಟ್ ಮಾಡುವುದೇ ಇಲ್ಲ. ನಾನು ಬಳಸುವ ಸಂಗೀತದ ಸಾಫ್ಟ್‌ವೇರ್ ರೀಪರ್‌ನ ರೆಂಡರ್ ಕಿಟಕಿಯಲ್ಲಿ 'ಫುಲ್ ಸ್ಪೀಡ್ ಆಫ್‌ಲೈನ್' ಬದಲು '1ಎಕ್ಸ್ ಆಫ್‌ಲೈನ್' ಇಡುತ್ತೇನೆ. ಇಂಥದೇ ಬೇರೆ ಸಾಫ್ಟ್‌ವೇರ್‌ಗಳಲ್ಲಿ, ಕ್ಯೂಬೇಸ್‌ನಲ್ಲಿ 'ರಿಯಲ್-ಟೈಮ್ ಎಕ್ಸ್‌ಪೋರ್ಟ್', ಲಾಜಿಕ್‌ನ ಬೌನ್ಸ್ ಕಿಟಕಿಯಲ್ಲಿ 'ರಿಯಲ್‌ಟೈಮ್' ಇದೇ ಕೆಲಸ ಮಾಡುತ್ತವೆ. ಮೂರು ನಿಮಿಷದ ಹಾಡಿಗೆ ಮೂರು ನಿಮಿಷ ಕಾಯಬೇಕು, ಅಷ್ಟೇ ತಾನೇ. ಪ್ರಾಜೆಕ್ಟ್ ತೆರೆದ ತಕ್ಷಣ ರೆಂಡರ್ ಒತ್ತಬೇಡಿ. ಸ್ಯಾಂಪಲ್‌ಗಳು ಲೋಡ್ ಆಗುವುದು ಇನ್ನೂ ಮುಗಿದಿರದಿದ್ದರೆ ಮೊದಲ ಸಾಲೇ ಮೌನವಾಗಿ ಹೋಗಬಹುದು.

ಕೊನೆಯ ಪೆಟ್ಟಿನ ವಿಷಯ ಬೇರೆ. ಹಾಡು ಮುಗಿದ ಗೆರೆಗೆ ಫೈಲೂ ಮುಗಿದರೆ ಜಾಗಟೆ ಕತ್ತರಿಸಿದ ಹಾಗೆ ನಿಲ್ಲುತ್ತದೆ. ರೀಪರ್‌ನಲ್ಲಿ 'ಟೇಲ್' (ಬಾಲ, ಹಾಡು ಮುಗಿದ ಮೇಲೂ ಉಳಿಯುವ ಸದ್ದಿಗೆ ಜಾಗ) ಅಂತ ಇದೆ, ಮಿಲಿಸೆಕೆಂಡ್ ಲೆಕ್ಕ. ನಾನು 6000 ಹಾಕುತ್ತೇನೆ, ಜಾಸ್ತಿಯಾದರೆ ಆಮೇಲೆ ಕತ್ತರಿಸಬಹುದು. ಎಫ್‌ಎಲ್ ಸ್ಟುಡಿಯೋದವರು 'ಲೀವ್ ರಿಮೇಂಡರ್' ಆರಿಸಿ. 'ವ್ರ್ಯಾಪ್ ರಿಮೇಂಡರ್' ಬಾಲವನ್ನು ತಂದು ಆರಂಭಕ್ಕೆ ಸೇರಿಸುತ್ತದೆ, ಅದು ಲೂಪ್‌ಗಳಿಗೆ.

ಸ್ಯಾಂಪಲ್ ರೇಟ್ (ಸದ್ದನ್ನು ಸೆಕೆಂಡಿಗೆ ಎಷ್ಟು ಸಲ ಅಳೆದು ದಾಖಲಿಸುವುದು) ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳುವುದಿಲ್ಲ. ರೆಕಾರ್ಡ್ ಮಾಡಿದ್ದು 48000 ಹರ್ಟ್ಸ್, ವಿಡಿಯೋಗೆ ಬೇಕಾದದ್ದೂ ಅದೇ, ಸುಮ್ನೆ ಯಾಕೆ ಬದಲಿಸುವುದು. ಫೈಲ್ 24 ಬಿಟ್ ವೇವ್. ಯಾರಾದರೂ 16 ಬಿಟ್ ಕೇಳಿದರೆ ಮಾತ್ರ, ಕೊನೆಯ ಹಂತದಲ್ಲಿ ಒಂದೇ ಸಲ ಡಿದರ್ (ಬಿಟ್ ಇಳಿಸುವಾಗಿನ ಕರ್ಕಶ ಕೇಳದಂತೆ ಬೆರೆಸುವ ಸಣ್ಣ ಸದ್ದು) ಹಾಕಿ ಇಳಿಸುತ್ತೇನೆ.

ಇನ್ನೊಂದು ವಿಷಯ ನನಗೆ ಬಹಳ ಮುಖ್ಯ. ಒಂದೇ ಪೆಟ್ಟನ್ನು ನಾಲ್ಕು ಸಲ ರೆಕಾರ್ಡ್ ಮಾಡಿದ್ದೇನೆ, ಮೆಷಿನ್ ಬಾರಿಸಿದ ಹಾಗೆ ಕೇಳಬಾರದು ಅಂತ ಸ್ಯಾಂಪ್ಲರ್ ಅವುಗಳಲ್ಲಿ ಯಾವುದೋ ಒಂದನ್ನು ತಾನೇ ಆರಿಸುತ್ತದೆ. ಅಂದರೆ ಪ್ರತಿ ರೆಂಡರ್‌ನಲ್ಲೂ ಚೆಂಡೆ ಸ್ವಲ್ಪ ಬೇರೆ. ನಿನ್ನೆ ಕೇಳಿ ಇಷ್ಟಪಟ್ಟ ಬಿಡ್ತಿಗೆ (ಚೆಂಡೆಯ ಪೆಟ್ಟುಗಳ ಒಂದು ಜೋಡಣೆ) ಇವತ್ತಿನ ಫೈಲ್‌ನಲ್ಲಿ ಇರುವುದಿಲ್ಲ. ಅದಕ್ಕೆ ಮೊದಲು ಚೆಂಡೆಯ ಟ್ರ್ಯಾಕ್ ಒಂದನ್ನೇ ಮೂರ್ನಾಲ್ಕು ಸಲ ಆಡಿಯೋ ಫೈಲ್ ಆಗಿ ತೆಗೆಯುತ್ತೇನೆ, ಚೆನ್ನಾಗಿ ಬಂದದ್ದನ್ನು ಇಟ್ಟು ಸ್ಯಾಂಪ್ಲರನ್ನು ಆಫ್ ಮಾಡುತ್ತೇನೆ. ಜಾಗಟೆ, ಶ್ರುತಿಗೂ ಹೀಗೇ. ಎಲ್ಲ ಆಡಿಯೋ ಆದಮೇಲೆ ಪೂರ್ತಿ ವೇಗದಲ್ಲಿ ಮಿಕ್ಸ್ ತೆಗೆದರೂ ತೊಂದರೆ ಇಲ್ಲ.

ಶಾಲೆಯ ಟ್ರ್ಯಾಕನ್ನು ಹೀಗೇ ಮತ್ತೆ ಮಾಡಿದೆ. ಮೂರನೇ ಸಲ ಬಂದ ಮುಕ್ತಾಯ ಎಲ್ಲಕ್ಕಿಂತ ಚೆನ್ನಾಗಿತ್ತು, ಅದನ್ನೇ ಇಟ್ಟುಕೊಂಡೆ.