ಮಕ್ಕಳ ಉಳಿವಿನ ಚಾರ್ಟು: ಈವರೆಗಿನ ಕೆಲಸ

ಹೊಸನಗರ ತಾಲ್ಲೂಕಿನ ನಮ್ಮೂರ ಗ್ರಂಥಾಲಯದ ಗೋಡೆಗೆಂದು ನಾನು ಬರೆಯುತ್ತಿರುವ, ಹಿಂದುಳಿದ ದೇಶಗಳಲ್ಲಿ ಐದು ವರ್ಷದೊಳಗಿನ ಮಕ್ಕಳ ಉಳಿವನ್ನು ನಿರ್ಧರಿಸುವ ಅಂಶಗಳ ಚಾರ್ಟು ಈಗ ಒಂದು ರೂಪಕ್ಕೆ ಬಂದಿದೆ. ಅದಕ್ಕೆ 1984ರಲ್ಲಿ ಸಂಶೋಧಕರಾದ ಮೋಸ್ಲಿ ಮತ್ತು ಚೆನ್ ಮುಂದಿಟ್ಟ ಮಾದರಿಯೇ ಆಧಾರ. ಬಡತನವಾಗಲಿ, ತಾಯಿಯ ಓದಾಗಲಿ ಮಗುವಿನ ಜೀವವನ್ನು ನೇರವಾಗಿ ಮುಟ್ಟುವುದಿಲ್ಲ. ತಾಯಿಯ ವಯಸ್ಸು ಮತ್ತು ಹೆರಿಗೆಗಳ ನಡುವಿನ ಅಂತರ, ಪರಿಸರದ ಮಾಲಿನ್ಯ, ಪೋಷಕಾಂಶಗಳ ಕೊರತೆ, ಗಾಯ, ರೋಗದ ತಡೆ ಮತ್ತು ಚಿಕಿತ್ಸೆ ಎಂಬ ಐದು ದಾರಿಗಳ ಮೂಲಕವೇ ಅವು ಪರಿಣಾಮ ಬೀರುತ್ತವೆ ಎಂಬುದು ಅದರ ತಿರುಳು.

ಐದಕ್ಕೂ ಸಮನಾದ ಜಾಗ ಕೊಡುವ ಮೊದಲಿನ ಯೋಚನೆಯನ್ನು ಕೈಬಿಟ್ಟಿದ್ದೇನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಹುಟ್ಟುವ ಪ್ರತಿ 1000 ಮಕ್ಕಳಲ್ಲಿ ಸುಮಾರು 42 ಮಕ್ಕಳು ಐದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತವೆ. ಅವುಗಳಲ್ಲಿ ಸುಮಾರು 25 ಮಕ್ಕಳು ಮೊದಲ ತಿಂಗಳನ್ನೇ ದಾಟುವುದಿಲ್ಲ. ಆದ್ದರಿಂದ ಚಾರ್ಟಿನ ನಡುಭಾಗ ಪೂರ್ತಿ ಬಾಣಂತಿಯ ಕೋಣೆಗೆ ಮೀಸಲಾಗಿದೆ.

ಆ ಭಾಗಕ್ಕಾಗಿ ನಮ್ಮ ಆಶಾ ಕಾರ್ಯಕರ್ತೆಯ ಜೊತೆ ಒಂದು ಮನೆಗೆ ಹೋಗಿದ್ದೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನ ಅವರು ಮನೆಗೆ ಬರಬೇಕು. ಬಟ್ಟೆಯ ಜೋಳಿಗೆಯಲ್ಲಿ ಮಗುವನ್ನು ಮಲಗಿಸಿ, ತಕ್ಕಡಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಮುಳ್ಳು ನಿಲ್ಲುವವರೆಗೂ ಅವರು ಮಾತಾಡಲಿಲ್ಲ. ಹುಟ್ಟಿದಾಗ ಎರಡೂವರೆ ಕಿಲೋಗಿಂತ ಕಡಿಮೆ ತೂಗಿದ ಮಗುವಿಗೆ ಮಲೆನಾಡಿನ ಥಂಡಿಯೇ ದೊಡ್ಡ ಅಪಾಯ. ಅಂಥ ಮಗುವನ್ನು ತಾಯಿಯ ಎದೆಗೆ ಬರಿಮೈಯಲ್ಲಿ ಅಪ್ಪಿಸಿ ಬೆಚ್ಚಗಿಡುವ ಕಾಂಗರೂ ಆರೈಕೆಯನ್ನೂ, ಎದೆಹಾಲಿಗೆ ಮೊದಲು ಜೇನುತುಪ್ಪ ನೆಕ್ಕಿಸಬಾರದೆಂಬುದನ್ನೂ ದೊಡ್ಡ ಅಕ್ಷರಗಳಲ್ಲಿ ಬರೆದಿದ್ದೇನೆ.

ಭೇದಿಯ ಭಾಗ ಬೇಗ ಮುಗಿಯಿತು: ಓಆರ್‌ಎಸ್, ಹದಿನಾಲ್ಕು ದಿನ ಸತುವಿನ ಮಾತ್ರೆ, ಎದೆಹಾಲು ನಿಲ್ಲಿಸದಿರುವುದು.

ಮಾದರಿಯಲ್ಲಿ ಎದ್ದು ಕಾಣದ, ಆದರೆ ನಮ್ಮಲ್ಲಿ ಬಿಡಲಾಗದ ಅಂಶವೊಂದಿದೆ. ಆಷಾಢದ ಮಳೆಯಲ್ಲಿ ಹಳ್ಳ ಏರಿ ಕಾಲುಸಂಕ (ನಡೆದು ದಾಟುವ ಕಿರುಸೇತುವೆ) ಮುಳುಗಿದರೆ ಆಶಾ ಕಾರ್ಯಕರ್ತೆಯೂ ಈಚೆ ಬರುವಂತಿಲ್ಲ, ಉಸಿರಾಟ ಕೆಟ್ಟ ಮಗುವೂ ಆಚೆ ಹೋಗುವಂತಿಲ್ಲ. ನ್ಯುಮೋನಿಯಾದಲ್ಲಿ ಕೆಲವು ಗಂಟೆಗಳ ತಡವೂ ಜೀವಕ್ಕೆ ಎರವಾಗಬಹುದು. ಹೀಗಾಗಿ ಓಡಾಡುವ ದಾರಿಯನ್ನು ಚಿಕಿತ್ಸೆಯ ಅಡಿಟಿಪ್ಪಣಿಯಾಗಿಸದೆ, ಐದೂ ಅಂಶಗಳನ್ನು ಹಾದುಹೋಗುವ ಕೆಂಪು ಗೆರೆಯಾಗಿಯೇ ಎಳೆದಿದ್ದೇನೆ.

ಇನ್ನುಳಿದಿರುವುದು ಊರಿನ ಕಾಲುಸಂಕಗಳ ನಕ್ಷೆ. ಮಳೆಗಾಲದಲ್ಲಿ ಯಾವ ಮನೆಗಳ ಸಂಪರ್ಕ ಕಡಿಯುತ್ತದೆಂದು ಅದರಲ್ಲಿ ಗುರುತಿಸಿ, ತಿಂಗಳು ತುಂಬಿದ ಬಸುರಿಯರನ್ನು ಯಾವಾಗ ಪೇಟೆಯ ನೆಂಟರ ಮನೆಗೆ ಕಳಿಸಬೇಕೆಂಬುದನ್ನು ಆಶಾ ಕಾರ್ಯಕರ್ತೆಯ ಜೊತೆ ಕೂತು ಬರೆಯಬೇಕಿದೆ.