ಮಾವನ ಎಡಗೆನ್ನೆ

“ಎಡದ ಕೆನ್ನೆ ನನ್ನದೇ ಅಲ್ಲ ಅನ್ನುವ ಹಾಗೆ ಆಗ್ತಾ ಉಂಟು ಮಾರಾಯ.”

ಮಾವ ಹಾಗಂದದ್ದು 2021ರ ಮೇ ತಿಂಗಳಲ್ಲಿ. ಕೊರೋನಾ ಬಿಟ್ಟು ಎರಡು ವಾರ ಆಗಿತ್ತು. ಬದಿಯಡ್ಕದ ಹತ್ತಿರ ಅವರ ಅಡಿಕೆ ತೋಟ. ಶುಗರ್ ಶುರುವಾಗಿ 20 ವರ್ಷ. ಆಸ್ಪತ್ರೆಯಲ್ಲಿ ಸ್ಟೀರಾಯ್ಡ್ ಕೊಟ್ಟಿದ್ದರು. ಆಕ್ಸಿಜನ್ ಇಳಿದವರ ಜೀವ ಉಳಿಸುವ ಮದ್ದೇ ಅದು, ಆದರೆ ಶುಗರ್ ಏರಿಸುತ್ತದೆ. ಮನೆಗೆ ಬಂದ ಮೇಲೆ ನಾವು ದಿನಕ್ಕೆ ಹತ್ತು ಸಲ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದೆವು. ಶುಗರ್ ನೋಡುವ ಮೆಷಿನ್ ಕಪಾಟಿನಲ್ಲೇ ಇತ್ತು. ಸ್ಟ್ರಿಪ್ ಮುಗಿದಿತ್ತು, ಲಾಕ್‌ಡೌನ್‌ನಲ್ಲಿ ಪೇಟೆಗೆ ಯಾರು ಹೋಗುವುದು ಅಂತ ಸುಮ್ನೆ ಬಿಟ್ಟೆವು.

ಮೊದಲು ಮೂಗು ಕಟ್ಟಿತು. ಶೀತದ ಹಿಂದೆಯೇ ಸೈನಸ್‌ಗೆ ಬ್ಯಾಕ್ಟೀರಿಯಾ ಸೇರಿಕೊಳ್ಳುವುದು ಹೊಸದೇನಲ್ಲ. ಹಾಗೇ ಇರಬೇಕು ಅಂತ ಆಂಟಿಬಯೋಟಿಕ್ ಬರೆದುಕೊಟ್ಟರು. ಅತ್ತೆ ನೀಲಗಿರಿ ಎಣ್ಣೆ ಹಾಕಿ ಆವಿ ಹಿಡಿಸಿದರು. ಏನೂ ಆಗಲಿಲ್ಲ. ಆಮೇಲೆ ಮೇಲಿನ ಹಲ್ಲುನೋವು, ಕಣ್ಣಿನ ಕೆಳಗೆ ಬಾವು, ಕೆನ್ನೆ ಜೋಮು. ಎಲ್ಲ ಎಡಬದಿಗೇ.

ರಾತ್ರಿ ಟಾರ್ಚ್ ಹಿಡಿದು ಬಾಯಿ ತೆರೆಸಿದೆ. ಅಂಗುಳಲ್ಲಿ ಎಂಟಾಣೆ ಅಗಲಕ್ಕೆ ಕಪ್ಪು. “ಎಲೆಯಡಿಕೆ ಕಲೆ” ಅಂದರು ಮಾವ. ಬೆರಳಿಗೆ ಬಟ್ಟೆ ಸುತ್ತಿ ಉಜ್ಜಿದರು. ಹೋಗಲಿಲ್ಲ, ನೋಯಲೂ ಇಲ್ಲ. ನನಗೆ ಹೆದರಿಕೆಯಾದದ್ದು ಆ ನೋಯದೆ ಇದ್ದದ್ದಕ್ಕೆ.

ಬೆಳಿಗ್ಗೆ ಮಂಗಳೂರಿಗೆ ಹೊರಟೆವು. ಕಾಸರಗೋಡಿನವರಿಗೆ ದೊಡ್ಡ ಕಾಯಿಲೆ ಅಂದರೆ ತಲಪಾಡಿ ದಾಟಬೇಕಲ್ವಾ? ಹಿಂದಿನ ವರ್ಷ ಆ ಗಡಿಯನ್ನೇ ಮುಚ್ಚಿದ್ದರು. ಚೆಕ್‌ಪೋಸ್ಟಿನಲ್ಲಿ ಕಾರು ನಿಂತಾಗ ಅದೇ ನೆನಪಾಗಿ ಬೆವತೆ.

ಇಎನ್‌ಟಿ ಡಾಕ್ಟರ್ ಮೂಗಿನೊಳಗೆ ಸಣ್ಣ ಕ್ಯಾಮೆರಾ ಇಳಿಸಿ, ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ಮ್ಯೂಕರ್. ಟಿವಿಯಲ್ಲಿ ಬ್ಲ್ಯಾಕ್ ಫಂಗಸ್ ಅಂತ ಹೆದರಿಸುತ್ತಿದ್ದರಲ್ಲ, ಅದೇ. ಕಪ್ಪು ಬಣ್ಣ ಫಂಗಸ್‌ನದ್ದಲ್ಲವಂತೆ. ಅದು ರಕ್ತನಾಳದೊಳಗೆ ನುಗ್ಗಿ ರಕ್ತ ಹೆಪ್ಪುಗಟ್ಟಿಸುತ್ತದೆ, ರಕ್ತ ಸಿಗದ ಮಾಂಸ ಸತ್ತು ಕಪ್ಪಾಗುತ್ತದೆ. ತೋಟದ ಮಣ್ಣಿನಲ್ಲಿ, ಕೊಳೆತ ಸೊಪ್ಪಿನಲ್ಲಿ ಇರುವಂಥದ್ದೇ. ನಮ್ಮೆಲ್ಲರ ಮೂಗಿಗೂ ಹೋಗುತ್ತದೆ, ಶುಗರ್ ಏರಿದ ಮೈ ಸಿಕ್ಕಿದರೆ ಬೇರು ಬಿಡುತ್ತದೆ. ಅವತ್ತು ಮಾವನ ಶುಗರ್ 418.

ಸತ್ತ ಭಾಗವನ್ನು ಕೆರೆದು ತೆಗೆದರು, ಅಂಗುಳಿನ ಒಂದು ತುಂಡೂ ಹೋಯಿತು. ಆಮೇಲೆ ಫಂಗಸ್ ಕೊಲ್ಲುವ ಆಂಫೋಟೆರಿಸಿನ್ ಡ್ರಿಪ್. ಆಗ ಅದಕ್ಕೆ ದೇಶವೆಲ್ಲ ಪರದಾಡುತ್ತಿತ್ತು. ಕಿಡ್ನಿಗೆ ಪೆಟ್ಟು ಕೊಡುವ ಮದ್ದು, ಹಾಗಾಗಿ ಮತ್ತೆ ಮತ್ತೆ ರಕ್ತ ಪರೀಕ್ಷೆ.

ಕಣ್ಣು ಉಳಿಯಿತು. ಅಂಗುಳಿನ ತೂತಿಗೆ ಹಲ್ಲಿನ ಡಾಕ್ಟರ್ ಪ್ಲೇಟ್ ಮಾಡಿಕೊಟ್ಟಿದ್ದಾರೆ. ಅದನ್ನು ತೆಗೆದಿಟ್ಟು ನೀರು ಕುಡಿದರೆ ಮೂಗಿನಲ್ಲಿ ಇಳಿಯುತ್ತದೆ. ಎಲೆಯಡಿಕೆ ಬಿಟ್ಟಿದ್ದಾರೆ. ಅಡಿಕೆ ಸುಲಿಯುತ್ತಾ ಕೂತಾಗ ಒಂದು ಹೋಳು ಬಾಯಿ ಹತ್ತಿರ ಹೋಗುತ್ತದೆ. ಒಳಗಿಂದ ಅತ್ತೆ ಕೆಮ್ಮಿದರೆ ವಾಪಸ್ ಗೋಣಿಗೆ ಬೀಳುತ್ತದೆ.